ಎಪ್ಪತ್ತಮೂರು ನಾಲಿಗೆಗಳು

ಅಟ್ಲಾಂಟಿಕ್ ಸಿಟಿಯ ಬೋರ್ಡ್‌ವಾಕ್ ಹಾಲಿನಲ್ಲಿ ಆರ್ಗನ್ ಕೋಣೆಯ ಏಣಿ ಹತ್ತುವಾಗ ಮೂಗಿಗೆ ಮೊದಲು ಬಡಿದದ್ದು ಅಪ್ಪನ ಅಂಗಡಿಯ ವಾಸನೆ. ಒಣಗಿದ ಚರ್ಮ, ಹಳೆಯ ಮರ, ಹಿತ್ತಾಳೆ, ಎಲ್ಲೋ ಕಾಯುತ್ತಿರುವ ಮರವಜ್ರ. ಅಪ್ಪ ಗದಗಿನಲ್ಲಿ ಪೇಟಿ ರಿಪೇರಿ ಮಾಡುತ್ತಿದ್ದರು. ಭಜನಾ ಮಂಡಳಿಯವರು, ನಾಟಕ ಕಂಪನಿಯ ಪೇಟಿ ಮಾಸ್ತರರು, ಸಂಗೀತ ಕಲಿಯುವ ಹುಡುಗರು ಹಾರ್ಮೋನಿಯಂ ಹೊತ್ತು ತರುತ್ತಿದ್ದರು. ನಾನು ಟಾರ್ಚ್ ಹಿಡಿದು ಪಕ್ಕದಲ್ಲಿ ಕೂಡುತ್ತಿದ್ದೆ. ಆ ಕೆಲಸ ನಾನು ಕಲಿಯಲಿಲ್ಲ. ಎಂಜಿನಿಯರಿಂಗ್ ಓದಿ ನ್ಯೂಜೆರ್ಸಿಗೆ ಬಂದೆ. ಒಂದು ಮಧ್ಯಾಹ್ನ ಆ ಸಭಾಂಗಣದಲ್ಲಿ ಉಚಿತ ಆರ್ಗನ್ ಕಛೇರಿ ಕೇಳಿದೆ. ಹೊರಬರುವಾಗ ಸ್ವಯಂಸೇವಕರು ಬೇಕೆಂಬ ಮಾತು ಕಿವಿಗೆ ಬಿತ್ತು. ಮುಂದಿನ ಶನಿವಾರವೇ ಹೋದೆ.

ಈ ವಾದ್ಯದ ಗಾತ್ರ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಕಥೆ ಅದರೊಳಗಿನ ಬಹಳ ಸಣ್ಣ ಒಂದು ಮೂಲೆಯದ್ದು. 1929ರಿಂದ 1932ರವರೆಗೆ ಮಿಡ್‌ಮರ್-ಲಾಷ್ ಕಂಪನಿ ಕಟ್ಟಿದ ಈ ಆರ್ಗನ್‌ನಲ್ಲಿ 33,112 ಪೈಪುಗಳಿವೆ. ಒಂದೇ ಬಗೆಯ ದನಿಯ ಪೈಪುಗಳ ಒಂದು ಜೋಡಣೆಯನ್ನು ಸಾಲು ಎಂದರೆ, ಅಂಥ ಸಾಲುಗಳು 449. ನುಡಿಸುವವರ ಮುಂದೆ ಮೆಟ್ಟಿಲಿನಂತೆ ಏಳು ಕೀಲಿಮಣೆಗಳು, ಸುತ್ತ ಸಾಲುಗಳನ್ನು ಆರಿಸಲು 1,235 ಸ್ಟಾಪ್ ಪಟ್ಟಿಗಳು. ಪೈಪುಗಳೆಲ್ಲ ಸಭಾಂಗಣದ ಗೋಡೆ, ಮಾಡುಗಳ ಹಿಂದೆ ಎಂಟು ಕೋಣೆಗಳಲ್ಲಿ ಅಡಗಿವೆ. ಇದನ್ನೆಲ್ಲ ಯೋಜಿಸಿದ ಎಮರ್ಸನ್ ರಿಚರ್ಡ್ಸ್ ವೃತ್ತಿಯಿಂದ ವಕೀಲ, ನ್ಯೂಜೆರ್ಸಿಯ ರಾಜ್ಯ ಸೆನೆಟರ್. ಆರ್ಗನ್ ಆತನ ಹುಚ್ಚು. ಅತಿ ಮಂದ್ರದ ಪೈಪಿನ ಉದ್ದ 59 ಅಡಿಗೂ ಹೆಚ್ಚು. ಅದು ಸೆಕೆಂಡಿಗೆ ಎಂಟು ಸಲ ಕಂಪಿಸುತ್ತದೆ, ಕಿವಿಗಿಂತ ಎದೆಗೇ ಹೆಚ್ಚು ತಿಳಿಯುತ್ತದೆ. 64 ಅಡಿ ದರ್ಜೆಯ ಪೂರ್ಣ ಉದ್ದದ ಇಂಥ ಸಾಲು ಜಗತ್ತಿನಲ್ಲಿ ಇನ್ನೊಂದಿರುವುದು ಸಿಡ್ನಿ ಟೌನ್ ಹಾಲಿನಲ್ಲಿ ಮಾತ್ರ.

ಇಷ್ಟು ದೊಡ್ಡ ವಾದ್ಯ ಬಹುಕಾಲ ಮೂಕವಾಗಿತ್ತು. 1944ರ ಸೆಪ್ಟೆಂಬರಿನ ಚಂಡಮಾರುತದಲ್ಲಿ ಕಡಲ ನೀರು ಕಟ್ಟಡದ ನೆಲಮಾಳಿಗೆಗೆ ನುಗ್ಗಿತು. ಆಮೇಲಿನ ದಶಕಗಳಲ್ಲಿ ಒಂದೊಂದೇ ವಿಭಾಗ ದನಿ ಕಳೆದುಕೊಳ್ಳುತ್ತ ಹೋಯಿತು. 2001ಕ್ಕೆ ಮುಗಿದ ಸಭಾಂಗಣದ ನವೀಕರಣದ ಹೊತ್ತಿಗೆ ಗಾಳಿಯ ಕೊಳವೆಗಳು ತುಂಡಾಗಿ, ಕೋಣೆಗಳಲ್ಲಿ ಧೂಳು ತುಂಬಿ, ಇಡೀ ವಾದ್ಯ ನುಡಿಸಲಾಗದ ಸ್ಥಿತಿಗೆ ಬಂದಿತ್ತು. 2004ರಲ್ಲಿ ಜೀರ್ಣೋದ್ಧಾರಕ್ಕೆಂದೇ ಒಂದು ಸಮಿತಿಯಾಯಿತು. ಕೆಲಸ ಅಲ್ಲಿಂದ ನಡೆಯುತ್ತಲೇ ಇದೆ.

ನನಗೂ ನನ್ನ ಜೊತೆಯ ಹಿರಿಯರಿಗೂ ಕೊಟ್ಟ ಸಾಲಿನ ಹೆಸರು ಕೇಳಿ ಯಾರೂ ಹುಬ್ಬೇರಿಸುವುದಿಲ್ಲ. ನೋಡಲು ಬಂದವರೆಲ್ಲ ಕೇಳುವುದು ಗ್ರ್ಯಾಂಡ್ ಓಫಿಕ್ಲೈಡ್ ಎಲ್ಲಿ ಎಂದು. ಅದು ಜಗತ್ತಿನ ಅತಿ ಗಟ್ಟಿ ದನಿಯ ಆರ್ಗನ್ ಸ್ಟಾಪ್, ನೂರು ಇಂಚು ಗಾಳಿಯ ಒತ್ತಡದ ಮೇಲೆ ಹಾಡುತ್ತದೆ. ಒತ್ತಡವನ್ನು ಇಂಚಿನಲ್ಲಿ ಹೇಳುವುದು ಯಾಕೆಂದರೆ, ಬಾಗಿದ ಗಾಜಿನ ಕೊಳವೆಯಲ್ಲಿ ನೀರು ತುಂಬಿ ಒಂದು ಬಾಯಿಗೆ ಗಾಳಿ ಬಿಟ್ಟಾಗ ಎರಡು ಕಡೆಯ ನೀರಿನ ಮಟ್ಟದಲ್ಲಿ ಎಷ್ಟು ವ್ಯತ್ಯಾಸ ಬಂತು ಎಂಬುದೇ ಇಲ್ಲಿ ಅಳತೆ. ಸಾಮಾನ್ಯ ಚರ್ಚಿನ ಆರ್ಗನ್‌ಗೆ ಮೂರು, ನಾಲ್ಕು ಇಂಚು ಸಾಕು. ಗುಡುಗುವ ಸಾಲುಗಳಿಗೆ ಹಣ, ಜನ ಎರಡೂ ಬೇಗ ಒದಗುತ್ತವೆ. ನಮ್ಮದು 73 ಪೈಪುಗಳ ಮೆಲುದನಿಯ ಒಂದು ರೀಡ್ ಸಾಲು, ದೊಡ್ಡವುಗಳ ನೆರಳಿನಲ್ಲಿ ಹಿಂದಿನ ಗೋಡೆಗೆ ಒತ್ತಿ ನಿಂತದ್ದು. ಅದರ ಸರದಿ ಬಂದದ್ದು ತೀರ ತಡವಾಗಿ.

ಮೊದಲ ದಿನ ಹೊರತೆಗೆದ ಪೈಪಿನ ಮೇಲೆ ಬೆರಳಿಟ್ಟರೆ ಬೆರಳಚ್ಚು ಮೂಡುವಷ್ಟು ಧೂಳು. ತವರ, ಸೀಸದ ಮಿಶ್ರಲೋಹ ಮೆತ್ತಗಿರುತ್ತದೆ. ಆಸರೆ ತಪ್ಪಿದ ಉದ್ದನೆಯ ಪೈಪುಗಳು ತಮ್ಮ ಭಾರಕ್ಕೇ ಕುಸಿದು, ಮುದುಕರ ಬೆನ್ನಿನಂತೆ ಬಾಗಿದ್ದವು. ಎರಡಕ್ಕೆ ಕುತ್ತಿಗೆಯ ಬಳಿ ಬಿರುಕು. ಕಡಲ ಗಾಳಿಗೆ ಹಿತ್ತಾಳೆ ಕಪ್ಪಾಗಿತ್ತು. ಆದರೆ ಪ್ರತಿಯೊಂದರ ಮೈಮೇಲೂ ತಯಾರಿಸಿದವನು ಗೀರಿದ ಸ್ವರದ ಗುರುತು ಹಾಗೇ ಇತ್ತು, ಡಿ, ಡಿ ಶಾರ್ಪ್, ಇ ಎಂದು. ಯಾರದೋ ಅವಸರದ, ಬಲಕ್ಕೆ ವಾಲಿದ ಕೈಬರಹ. ಕೆಲವೇ ದಿನಗಳಲ್ಲಿ ಆ ಬರಹ ನನಗೆ ನೆಂಟರ ಬರಹದಷ್ಟು ಪರಿಚಯವಾಯಿತು.

ರೀಡ್ ಪೈಪಿನ ಒಳಗೆ ಏನಿದೆ ಎಂದು ಹಾರ್ಮೋನಿಯಂ ಬಿಚ್ಚಿ ನೋಡಿದವರಿಗೆ ಅರ್ಧ ಗೊತ್ತಿರುತ್ತದೆ. ಪೇಟಿಯ ರೀಡು ತನ್ನ ಕಿಂಡಿಯೊಳಗೆ ಹಿಂದಕ್ಕೂ ಮುಂದಕ್ಕೂ ತೂಗಾಡುತ್ತದೆ, ಯಾವುದಕ್ಕೂ ಬಡಿಯುವುದಿಲ್ಲ. ಆರ್ಗನ್‌ನ ನಾಲಿಗೆ ಹಾಗಲ್ಲ. ಶಾಲಟ್ ಎಂಬ ಪುಟ್ಟ ಹಿತ್ತಾಳೆ ನಳಿಕೆಯ ಒಂದು ಮುಖವನ್ನು ಸಪಾಟಾಗಿ ಕತ್ತರಿಸಿ ಬಾಯಿ ತೆಗೆದಿರುತ್ತಾರೆ. ಅದರ ಮೇಲೆ ತೆಳ್ಳಗಿನ ಹಿತ್ತಾಳೆ ನಾಲಿಗೆಯನ್ನು ಇಟ್ಟು ಮರದ ಬೆಣೆಯಿಂದ ಬಿಗಿದಿರುತ್ತಾರೆ. ಗಾಳಿ ಬಂದಾಗ ಅದು ಆ ಬಾಯಿಯ ಮೇಲೆ ಬಡಿದು ಬಡಿದು ಮುಚ್ಚಿ ತೆರೆಯುತ್ತದೆ. ಮೇಲೆ ಕೂತ ಉದ್ದನೆಯ ಕೊಳವೆ ಆ ಬಡಿತಕ್ಕೆ ದನಿ ಕೊಡುತ್ತದೆ. ನಾಲಿಗೆಯನ್ನು ಒತ್ತಿ ಹಿಡಿದ ತಂತಿಯನ್ನು ಕೆಳಕ್ಕೆ ತಳ್ಳಿದರೆ ಕಂಪಿಸುವ ಭಾಗ ಗಿಡ್ಡವಾಗಿ ಶ್ರುತಿ ಏರುತ್ತದೆ, ಮೇಲಕ್ಕೆಳೆದರೆ ಇಳಿಯುತ್ತದೆ.

ಶ್ರುತಿ ತಂತಿಯದು, ಗುಣ ಬಾಗಿನದು. ನಾಲಿಗೆ ಸಪಾಟಾಗಿರುವುದಿಲ್ಲ, ತುದಿಯ ಕಡೆಗೆ ಸ್ವಲ್ಪವೇ ಸ್ವಲ್ಪ ಎದ್ದಿರುತ್ತದೆ. ಬೆಳಕಿಗೆ ಹಿಡಿದರೆ ಶಾಲಟ್‌ಗೂ ಅದಕ್ಕೂ ನಡುವೆ ಅಮಾವಾಸ್ಯೆ ಕಳೆದ ಮೂರನೆಯ ದಿನದ ಚಂದ್ರನ ಗೆರೆಯಂಥ ಸಂದು ಕಾಣುತ್ತದೆ. ಬಾಗು ಹೆಚ್ಚಾದರೆ ದನಿ ದೊಡ್ಡದು, ಆದರೆ ಪೈಪು ಬಾಯಿ ಬಿಡಲು ತಡಮಾಡುತ್ತದೆ. ಕಡಿಮೆಯಾದರೆ ತಕ್ಷಣ ನುಡಿಯುತ್ತದೆ, ದನಿ ಮಾತ್ರ ತೆಳು. ಉಕ್ಕಿನ ಕಡ್ಡಿಯಿಂದ ನಾಲಿಗೆಯನ್ನು ಉಜ್ಜುತ್ತ, ಕೇಳುತ್ತ, ಮತ್ತೆ ಉಜ್ಜುತ್ತ ಈ ಬಾಗನ್ನು ಕೂರಿಸುವುದು ನುರಿತವರ ವಿದ್ಯೆ. ನನ್ನ ಕೈಯಲ್ಲಿದ್ದ 73 ನಾಲಿಗೆಗಳ ಬಾಗನ್ನು ಸುಮಾರು ತೊಂಬತ್ತು ವರ್ಷ ಹಿಂದೆ ಯಾರೋ ಒಬ್ಬ ಕಿವಿಯಿಂದ ಅಳೆದು ಕೂರಿಸಿದ್ದ. ಅದನ್ನು ಬರೆದಿಟ್ಟ ಕಾಗದವಿಲ್ಲ. ಆ ಬಾಗೇ ಅದರ ದಾಖಲೆ.

ತೊಳೆಯುವ ಕೆಲಸ ತಿಂಗಳುಗಟ್ಟಲೆ ಹಿಡಿಯಿತು. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ; ಮೆದುವಾದ ಸೋಪು, ಉಗುರುಬೆಚ್ಚಗಿನ ನೀರು, ಕೈಗವಸು, ತಾಳ್ಮೆ. ನಾಲಿಗೆಗೆ ಬೆರಳಿನ ಎಣ್ಣೆಯೂ ತಾಗಬಾರದು. ನಾಲಿಗೆ ಮತ್ತು ಶಾಲಟ್‌ನ ನಡುವೆ ಸಿಕ್ಕ ಒಂದು ಕಣ ಧೂಳು ಪೈಪನ್ನು ಮೂಕ ಮಾಡಬಲ್ಲದು. ಅದನ್ನು ತೆಗೆಯಲು ಇಲ್ಲಿನವರು ಗರಿಗರಿಯಾದ ಡಾಲರ್ ನೋಟನ್ನು ಸಂದಿಗೆ ತೂರಿಸಿ ಮೆಲ್ಲಗೆ ಎಳೆಯುತ್ತಾರೆ. ಮೊದಲ ಸಲ ನೋಡಿದಾಗ ನನ್ನ ಕಣ್ಣು ತುಂಬಿತು. ಅಪ್ಪ ಇದನ್ನೇ ಮಾಡುತ್ತಿದ್ದರು, ಹೊಸ ಎರಡು ರೂಪಾಯಿ ನೋಟಿನಿಂದ.

ಗಾಳಿಪೆಟ್ಟಿಗೆಯ ಒಳಗೆ ಪ್ರತಿ ಪೈಪಿನ ಕೆಳಗೂ ಒಂದು ಪುಟ್ಟ ಚರ್ಮದ ಚೀಲವಿರುತ್ತದೆ. ಕೀಲಿ ಒತ್ತಿದಾಗ ಅದು ಕುಸಿದು ಗಾಳಿಗೆ ದಾರಿ ಬಿಡುತ್ತದೆ. ನಮ್ಮ ಸಾಲಿನ ಚೀಲಗಳು ಮುಟ್ಟಿದರೆ ಪುಡಿಯಾಗುತ್ತಿದ್ದವು. ಹೊಸ ಚರ್ಮ ಕತ್ತರಿಸಿ ಬಿಸಿ ಮರವಜ್ರದಿಂದ ಅಂಟಿಸಿದೆವು. ಮಾರುಕಟ್ಟೆಯಲ್ಲಿ ಇದಕ್ಕಿಂತ ಗಟ್ಟಿಯಾದ, ಕಾಯಿಸಬೇಕಿಲ್ಲದ ಅಂಟು ಬೇಕಾದಷ್ಟಿದೆ. ಅದು ಬೇಡವೆನ್ನಲು ಕಾರಣ ಸರಳ. ಈ ಚರ್ಮವೂ ಐವತ್ತು, ಅರವತ್ತು ವರ್ಷಕ್ಕೆ ಸಾಯುತ್ತದೆ. ಆಗ ಬಿಚ್ಚುವವರಿಗೆ ಒಂದಿಷ್ಟು ಬಿಸಿ, ಒಂದಿಷ್ಟು ತೇವ ಕೊಟ್ಟರೆ ಮರವಜ್ರ ತಾನೇ ಬಿಡುತ್ತದೆ, ಮರ ಕಿತ್ತು ಬರುವುದಿಲ್ಲ. ಚೆನ್ನಾಗಿ ಅಂಟುವುದಕ್ಕಿಂತ ಚೆನ್ನಾಗಿ ಬಿಡುವುದನ್ನು ನೋಡಿ ಅಂಟು ಆರಿಸಬೇಕೆಂಬುದು ಎಂಜಿನಿಯರ್ ಆಗಿ ಇಪ್ಪತ್ತು ವರ್ಷ ದುಡಿದ ನನಗೆ ಹೊಸ ವಿಚಾರವಾಗಿತ್ತು.

ಇನ್ನು ನನ್ನ ತಪ್ಪಿನ ವಿಷಯ.

ಪೈಪುಗಳನ್ನು ಮರಳಿ ನಿಲ್ಲಿಸಿದ ಮೇಲೆ ನಡು ಸಪ್ತಕದ ಎಫ್ ಶಾರ್ಪ್ ಹಟ ಹಿಡಿಯಿತು. ಕೀಲಿ ಒತ್ತಿದರೆ ಒಂದು ಗಳಿಗೆ ಉಸಿರಿನ ಸದ್ದು, ಆಮೇಲೆ ದನಿ. ನೋಟು ಎಳೆದೆ, ಧೂಳಿಲ್ಲ. ಬೆಣೆ ಬಿಗಿಯಾಗಿತ್ತು. ಕೆಳಗೆ ಕಾರ್ಯಾಗಾರದ ಮೇಜಿನ ಮೇಲೆ ಪರೀಕ್ಷೆಗಿಟ್ಟರೆ ಮುಟ್ಟಿದ ಕೂಡಲೇ ಹಾಡಿತು. ಮೇಲೆ ತಂದರೆ ಮತ್ತೆ ಅದೇ ತೊದಲು. ತಡವಾಗಿ ನುಡಿಯುವುದೆಂದರೆ ಬಾಗು ಹೆಚ್ಚು ಎಂದು ಅಷ್ಟರಲ್ಲಿ ಕಲಿತಿದ್ದೆ. ಆ ಶನಿವಾರ ಸಂಜೆ, ಹಿರಿಯರು ಬೇರೆ ಕೋಣೆಯಲ್ಲಿದ್ದಾಗ, ಯಾರನ್ನೂ ಕೇಳದೆ ನಾಲಿಗೆ ಬಿಚ್ಚಿ ಬಾಗನ್ನು ಒಂದು ಕೂದಲೆಳೆ ಇಳಿಸಿದೆ. ಮೇಲೆ ಹೋಗಿ ಕೂರಿಸಿದರೆ ತಟ್ಟನೆ ನುಡಿಯಿತು. ಖುಷಿಯಿಂದ ಮನೆಗೆ ಹೋದೆ.

ಮುಂದಿನ ವಾರ ಜಿ ತೊದಲಿತು. ಅದರ ಮುಂದಿನ ವಾರ ಎ ಮತ್ತು ಬಿ. ಆಗ ನನ್ನ ಜೊತೆ ಏಣಿ ಹತ್ತಿದ ಹಿರಿಯರು ಪೈಪನ್ನು ಮುಟ್ಟಲೇ ಇಲ್ಲ. ಗಾಜಿನ ಕೊಳವೆ ತಂದು ಗಾಳಿಪೆಟ್ಟಿಗೆಯ ಒತ್ತಡ ಅಳೆದರು. ಇರಬೇಕಾದದ್ದಕ್ಕಿಂತ ಎರಡು ಇಂಚು ಕಡಿಮೆ. ಆಮೇಲೆ ಗಾಳಿಯ ದಾರಿ ಹಿಡಿದು ಹಿಂದಕ್ಕೆ ಹೋದರು, ಒದ್ದೆ ಮಾಡಿದ ಅಂಗೈಯನ್ನು ಕೀಲುಗಳ ಮೇಲೆ ಹಿಡಿಯುತ್ತ. ಮೂಲೆಯ ಒಂದು ಮರದ ಕಾಲುವೆಯ ಅಡಿಯಲ್ಲಿ, ಕಣ್ಣಿಗೆ ಕಾಣದ ಕಡೆ, ಮಾರುದ್ದದ ಸೀಳು. ಒಣ ಚಳಿಗಾಲದಲ್ಲಿ ಅದು ವಾರದಿಂದ ವಾರಕ್ಕೆ ಅಗಲವಾಗುತ್ತಿತ್ತು.

ಸೀಳು ಮುಚ್ಚಿದೆವು. ಒತ್ತಡ ಸರಿಯಾಯಿತು. ಜಿ, ಎ, ಬಿ ಏನೂ ಆಗಿಲ್ಲವೆಂಬಂತೆ ತುಂಬುದನಿಯಲ್ಲಿ ಹಾಡಿದವು. ಎಫ್ ಶಾರ್ಪ್ ಮಾತ್ರ ಹಿಸುಕಿದ ಗಂಟಲಿನದಾಗಿತ್ತು. ಪೂರ್ತಿ ಗಾಳಿ ಬಂದಾಗ ಬಾಗು ಸಾಲದ ನಾಲಿಗೆ ಶಾಲಟ್‌ನ ಬಾಯಿಯನ್ನು ಗಕ್ಕನೆ ಒತ್ತಿ ಮುಚ್ಚುತ್ತಿತ್ತು. ತಪ್ಪು ಪೈಪಿನದಾಗಿರಲಿಲ್ಲ. ದುರ್ಬಲ ಗಾಳಿಯ ಮೇಲೆ ಅದು ಸರಿಯಾಗಿಯೇ ತೊದಲಿತ್ತು, ಗಾಳಿ ಸಾಲದು ಎಂದು ಹೇಳುತ್ತಿತ್ತು. ನಾನು ಹೇಳುವವನ ನಾಲಿಗೆ ತಿದ್ದಿದ್ದೆ.

ಅಪ್ಪನ ಮಾತು ಆಗ ನೆನಪಾಯಿತು. ಯಾವ ಪೇಟಿ ಬಂದರೂ ಅವರು ಮೊದಲು ಕೀಲಿ ಒತ್ತದೆ ಭಾತೆ, ಅಂದರೆ ತಿದಿ, ತುಂಬಿ, ಕೈಬಿಟ್ಟು, ಅದು ಎಷ್ಟು ಹೊತ್ತು ನಿಲ್ಲುತ್ತದೆ ಎಂದು ನೋಡುತ್ತಿದ್ದರು. “ಮೊದಲ ಗಾಳಿ ನೋಡು. ರೀಡಿಗೆ ಕಡೀಕ ಕೈ ಹಾಕು” ಎಂದು ನನಗೆ ಹೇಳುತ್ತಿದ್ದರು. ಪೇಟಿಯ ರೀಡನ್ನು ತುದಿಯಲ್ಲಿ ಕೆರೆದರೆ ಸ್ವರ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ, ಆದರೆ ಕೆರೆದ ಹಿತ್ತಾಳೆ ಮರಳಿ ಬರುವುದಿಲ್ಲ. ಆ ಟಾರ್ಚ್ ಹಿಡಿದ ಕೈಗೆ ಇದೆಲ್ಲ ಗೊತ್ತಿತ್ತು. ಇಪ್ಪತ್ತು ವರ್ಷ ಸಮಸ್ಯೆ ಬಗೆಹರಿಸುವ ಸಂಬಳ ತೆಗೆದುಕೊಂಡವರಿಗೆ ಎದುರಿಗೆ ಸಿಕ್ಕ ಮೊದಲ ತಿರುಪನ್ನೇ ತಿರುಗಿಸುವ ಅಭ್ಯಾಸವಾಗಿಬಿಡುತ್ತದೆ.

ಹಿರಿಯರು ಬೈಯಲಿಲ್ಲ. ಉಕ್ಕಿನ ಕಡ್ಡಿಯನ್ನು ನನ್ನ ಕೈಗೇ ಕೊಟ್ಟರು. ಪಕ್ಕದ ಎಫ್ ಮತ್ತು ಜಿ ನಾಲಿಗೆಗಳನ್ನು ಬೆಳಕಿಗೆ ಹಿಡಿದು ಅವುಗಳ ಸಂದು ನೋಡು, ನೋಡಿ ನಡುವಿನದನ್ನು ಊಹಿಸು ಎಂದರು. ಎರಡು ಶನಿವಾರಗಳಲ್ಲಿ ಹನ್ನೊಂದು ಸಲ ಪ್ರಯತ್ನಿಸಿದೆ. ಏಳನೆಯ ಸಲ ನಾಲಿಗೆಯ ತುದಿ ಮುರುಟಿ ಎಲ್ಲ ಕೈಮೀರಿತೆಂದುಕೊಂಡೆ. ಹನ್ನೊಂದನೆಯ ಸಲ ಅವರು ಕಣ್ಣು ಮುಚ್ಚಿ ಎಫ್, ಎಫ್ ಶಾರ್ಪ್, ಜಿ ಎಂದು ಹತ್ತಾರು ಸಲ ನುಡಿಸಿ, ಸಾಕು ಎಂದರು. ಸಾಕು ಎಂದರೆ ಸಾಲಿನಲ್ಲಿ ಎದ್ದು ಕಾಣುವುದಿಲ್ಲ ಎಂದರ್ಥ. ಮೂಲದ್ದು ಬಂತು ಎಂದಲ್ಲ. ಆ ಬಾಗು ಹೋಯಿತು.

ಅದಾದ ಮೇಲೆ ನಾವಿಬ್ಬರೂ ಒಂದು ಪದ್ಧತಿ ಹಾಕಿಕೊಂಡೆವು. ಯಾವ ನಾಲಿಗೆಯನ್ನು ಬಿಚ್ಚುವ ಮೊದಲೂ ಒತ್ತಡದ ಅಳತೆ, ಕೋಣೆಯ ಉಷ್ಣತೆ ಎರಡನ್ನೂ ಬರೆಯುವುದು. ಉಷ್ಣತೆ ಯಾಕೆಂದರೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೂ ಸೀಟಿಯಂತೆ ಊದುವ ಸಾದಾ ಪೈಪುಗಳ ಶ್ರುತಿ ಸ್ವಲ್ಪ ಏರುತ್ತದೆ, ರೀಡುಗಳದ್ದು ಅಷ್ಟು ಏರುವುದಿಲ್ಲ. ಬೇಸಿಗೆಯ ಮಧ್ಯಾಹ್ನ ಕೇಳಿದರೆ ರೀಡೇ ಕೆಟ್ಟಿದೆ ಎನ್ನಿಸುತ್ತದೆ. ನಿಜಕ್ಕೂ ಸರಿದಿರುವುದು ಉಳಿದ ಸಾವಿರಾರು ಪೈಪುಗಳು, ಆದರೆ ಸಾವಿರವನ್ನು ತಿದ್ದಲಾಗದು. ಹಾಗಾಗಿ ಶ್ರುತಿಗಾರರು ರೀಡುಗಳನ್ನೇ ಅವುಗಳಿಗೆ ಹೊಂದಿಸುತ್ತಾರೆ, ತಂತಿಯಿಂದ ಮಾತ್ರ, ಬಾಗು ಮುಟ್ಟದೆ. ತಂತಿಗೂ ಬಾಗಿಗೂ ಇರುವ ವ್ಯತ್ಯಾಸ ನನಗೀಗ ಮೈಗೂಡಿದೆ. ತಂತಿ ಮತ್ತೆ ಮೇಲೆ ಬರುತ್ತದೆ, ಹೋದ ಬಾಗು ಬರುವುದಿಲ್ಲ.

ಸಾಲು ಮೊದಲ ಸಲ ಮಧ್ಯಾಹ್ನದ ಕಛೇರಿಯಲ್ಲಿ ನುಡಿದ ದಿನ ನಾನು ರಜೆ ಹಾಕಿ ಹೋದೆ. ಸಾವಿರಾರು ಕುರ್ಚಿಗಳ ಸಭಾಂಗಣದಲ್ಲಿ ನಲವತ್ತು ಜನ. ಕಡಲತೀರದಿಂದ ಹಾಗೇ ಒಳಬಂದವರು, ಕೆಲವರ ಚಪ್ಪಲಿಯಲ್ಲಿ ಇನ್ನೂ ಮರಳು. ದೊಡ್ಡ ಸಾಲುಗಳೆಲ್ಲ ಸುಮ್ಮನಾದ ಒಂದು ಜಾಗದಲ್ಲಿ ನಮ್ಮದು ಒಬ್ಬಂಟಿಯಾಗಿ ಬಂತು, ನಾಲ್ಕೇ ಪಂಕ್ತಿಯ ಹಾಡು, ಮೂಗಿನಿಂದ ಹಾಡುವ ಮುದುಕಿಯ ದನಿಯಂತೆ ಬೆಚ್ಚಗೆ. ನುಡಿಸುತ್ತಿದ್ದ ಕಲಾವಿದೆ ಎಫ್ ಶಾರ್ಪ್ ಮೇಲೆ ಮೂರು ಸಲ ಹಾದು ಹೋದರು. ಮೂರು ಸಲವೂ ನಾನು ಉಸಿರು ಹಿಡಿದೆ. ಪಕ್ಕದಲ್ಲಿ ಕೂತಿದ್ದ ಹುಡುಗಿ ಅದು ಎಲ್ಲಿಂದ ಬರುತ್ತಿದೆಯೆಂದು ತಲೆಯೆತ್ತಿ ಮಾಡಿನಲ್ಲಿ ಹುಡುಕುತ್ತಿದ್ದಳು.

ಕಛೇರಿ ಮುಗಿದ ಮೇಲೆ ಕಾರ್ಯಾಗಾರಕ್ಕೆ ಹೋಗಿ ದಾಖಲೆ ಪುಸ್ತಕ ತೆಗೆದೆ. ಅಲ್ಲಿ ನಮ್ಮ 73 ಪೈಪುಗಳಿಗೆ 73 ಗೆರೆ. ಎಪ್ಪತ್ತೆರಡರ ಮುಂದೆ ಬರೆದದ್ದು ಒಂದೇ ಮಾತು: ತೊಳೆದದ್ದು, ನಾಲಿಗೆ ಮೂಲದ್ದು, ಬಾಗು ಮುಟ್ಟಿಲ್ಲ. ಎಫ್ ಶಾರ್ಪ್ ಗೆರೆಯನ್ನು ಅಲ್ಲಿಯವರೆಗೆ ಖಾಲಿ ಬಿಟ್ಟಿದ್ದೆ. ಅಳಿಸಲಾಗದ ಶಾಯಿಯಲ್ಲಿ ಬರೆದೆ: ನಾಲಿಗೆ ಮೂಲದ್ದು, ಬಾಗು ಮೂಲದ್ದಲ್ಲ, ಗಾಳಿ ಅಳೆಯದೆ ಬದಲಾಯಿಸಲಾಗಿದೆ. ಕೆಳಗೆ ದಿನಾಂಕ ಹಾಕಿ ನನ್ನ ಹೆಸರು ಬರೆದೆ.