ಮುಸ್ಸಂಜೆಯಲ್ಲೂ ಕಾಣುವ ಬೈನಾಕ್ಯುಲರ್ ಆರಿಸುವುದು ಹೇಗೆ?

ಸೂರ್ಯ ಮುಳುಗಿ ಇಪ್ಪತ್ತು ನಿಮಿಷವಾದ ಮೇಲೆ ಕೆರೆ ಏರಿಯಲ್ಲಿ ನೋಡುವಂಥದ್ದು ಬಹಳ ಇರುತ್ತದೆ. ನೀರುಕಾಗೆಗಳು ಮರ ಸೇರುವಾಗ ಇರುಳು ಬಕಗಳು ಒಂದೊಂದಾಗಿ ಹೊರಡುತ್ತವೆ. ತೋಟದ ಬೇಲಿಗೂಟಕ್ಕೆ ಗೂಬೆ ಬಂದು ಕೂರುತ್ತದೆ. ಮಧ್ಯಾಹ್ನ ಒಂದೇ ಥರ ಕಂಡ ಎರಡು ಬೈನಾಕ್ಯುಲರ್‌ಗಳಲ್ಲಿ ಒಂದು ಆಗ ಗೂಬೆಯ ಮುಖ ತೋರಿಸಿದರೆ, ಇನ್ನೊಂದು ಕಪ್ಪು ಮುದ್ದೆಯನ್ನಷ್ಟೇ ತೋರಿಸುತ್ತದೆ. ಈ ವ್ಯತ್ಯಾಸವನ್ನು ಕೊಳ್ಳುವ ಮೊದಲೇ ತಿಳಿಯಬಹುದು.

ಮೊದಲು ಒಂದು ಭಾಗಾಕಾರ

ಬೈನಾಕ್ಯುಲರ್ ಮೇಲೆ 8×42 ಎಂದಿದ್ದರೆ 8 ಎನ್ನುವುದು ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬ ಲೆಕ್ಕ. 42 ಎನ್ನುವುದು ಮುಂದಿನ ಮಸೂರದ ಅಗಲ, ಮಿಲಿಮೀಟರ್‌ನಲ್ಲಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ. ಬರುವ 5.25 ಮಿ.ಮೀ. ಎಂದರೆ ಕಣ್ಣಿಗೆ ಬಂದು ಬೀಳುವ ಬೆಳಕಿನ ಬಿಲ್ಲೆಯ ಅಗಲ. ಇದಕ್ಕೆ ಎಕ್ಸಿಟ್ ಪ್ಯೂಪಿಲ್ ಎನ್ನುತ್ತಾರೆ. ಜೇಬಿನಲ್ಲಿ ಹಿಡಿಯುವ 10×25ರಲ್ಲಿ ಇದು 2.5 ಮಾತ್ರ. 8×32ರಲ್ಲಿ 4, 10×42ರಲ್ಲಿ 4.2, 10×50ರಲ್ಲಿ 5, 7×50ರಲ್ಲಿ 7ಕ್ಕಿಂತ ಕೊಂಚ ಹೆಚ್ಚು.

ಹಗಲಲ್ಲಿ ನಮ್ಮ ಕಣ್ಣಿನ ಪಾಪೆ ಎರಡು ಮೂರು ಮಿಲಿಮೀಟರ್‌ಗೆ ಕುಗ್ಗಿರುತ್ತದೆ. ಆದ್ದರಿಂದ ಅಂಗಡಿಯ ಬಾಗಿಲಲ್ಲಿ ನಿಂತು ನೋಡಿದಾಗ ಪುಟ್ಟ 10×25 ಕೂಡ ಸೊಗಸಾಗಿಯೇ ಕಾಣುತ್ತದೆ. ಕತ್ತಲಾಗುತ್ತಾ ಪಾಪೆ ಅರಳುತ್ತದೆ, ಬಿಲ್ಲೆ ಮಾತ್ರ ಇದ್ದಷ್ಟೇ ಇರುತ್ತದೆ. ನೋಟ ಮಂಕಾಗುವುದು ಅಲ್ಲಿಂದ.

ನಿಮ್ಮ ವಯಸ್ಸನ್ನೂ ಲೆಕ್ಕಕ್ಕೆ ಹಿಡಿಯಿರಿ. ಇಪ್ಪತ್ತರ ಹರೆಯದಲ್ಲಿ ಪಾಪೆ ಸುಮಾರು 7 ಮಿ.ಮೀ.ವರೆಗೂ ಅರಳಬಲ್ಲದು. ಐವತ್ತು ದಾಟಿದವರಲ್ಲಿ ಅದು ಹೆಚ್ಚಾಗಿ 5ರ ಆಸುಪಾಸಿನಲ್ಲೇ ನಿಲ್ಲುತ್ತದೆ, ಆದರೂ ಒಬ್ಬೊಬ್ಬರಿಗೆ ಒಂದೊಂದು ಥರ. ಕಣ್ಣಿನ ವೈದ್ಯರ ಹತ್ತಿರ ಹೋದಾಗ ಅಳೆದು ಹೇಳಿ ಎಂದು ಕೇಳಬಹುದು. 5 ಮಿ.ಮೀ. ಪಾಪೆಯವರು 7×50 ಹಿಡಿದರೆ ಅದರ ಅಂಚಿನ ಬೆಳಕು ಕಣ್ಣೊಳಗೆ ಹೋಗುವುದೇ ಇಲ್ಲ. ಅವರ ಪಾಲಿಗೆ ಅದು 7×35 ಆಗಿ ಕೆಲಸ ಮಾಡುತ್ತದೆ.

ಪೆಟ್ಟಿಗೆಯ ಮೇಲೆ ಕೆಲವೊಮ್ಮೆ ಟ್ವಿಲೈಟ್ ಫ್ಯಾಕ್ಟರ್ ಎಂಬ ಅಂಕಿ ಇರುತ್ತದೆ. ಎರಡೂ ಸಂಖ್ಯೆಗಳನ್ನು ಗುಣಿಸಿ ವರ್ಗಮೂಲ ತೆಗೆದದ್ದು ಅದು. ಅದೊಂದನ್ನೇ ನಂಬಬೇಡಿ. 10×25ಕ್ಕೆ 15.8 ಬಂದರೆ 8×32ಕ್ಕೆ 16 ಬರುತ್ತದೆ, ಹೆಚ್ಚುಕಡಿಮೆ ಸಮ. ಕತ್ತಲು ಕವಿದಾಗ ಇವೆರಡನ್ನೂ ಕೈಯಲ್ಲಿ ಹಿಡಿದವರು ಸಮ ಎನ್ನಲಾರರು.

ಅಂಗಡಿಯಲ್ಲಿ ಎರಡು ಪರೀಕ್ಷೆ

ಬೈನಾಕ್ಯುಲರನ್ನು ತೋಳಳತೆ ದೂರ ಹಿಡಿದು, ಬೆಳಕಿರುವ ಆಕಾಶದತ್ತ ತಿರುಗಿಸಿ (ಸೂರ್ಯನತ್ತ ಎಂದೂ ಬೇಡ), ಕಣ್ಣಿಡುವ ಗಾಜನ್ನು ನೋಡಿ. ಬೆಳಕಿನ ಬಿಲ್ಲೆ ಪೂರ್ತಿ ದುಂಡಗಿರಬೇಕು. ಅಂಚು ಬೂದಾಗಿ ಚೌಕಕ್ಕೆ ತಿರುಗಿದ್ದರೆ ಒಳಗಿನ ಪಟ್ಟಕ ಅಗ್ಗದ್ದು.

ಆಮೇಲೆ ಮೊಬೈಲ್ ಟಾರ್ಚನ್ನು ಕಣ್ಣಿಡುವ ಕಡೆಯಿಂದ ಒಂದು ಗೇಣು ದೂರದಲ್ಲಿ ಹಿಡಿದು, ಮುಂದಿನ ಮಸೂರದ ಎದುರು ಬಿಳಿ ಹಾಳೆ ಇಡಿ. ಬೀಳುವ ಬೆಳಕಿನ ವೃತ್ತವನ್ನು ಸ್ಕೇಲಿನಿಂದ ಅಳೆಯಿರಿ. 50 ಎಂದು ಬರೆದುಕೊಂಡದ್ದು 40ರಷ್ಟೇ ಬಂದರೆ ಒಳಗೆಲ್ಲೋ ಬೆಳಕನ್ನು ತಡೆದಿದ್ದಾರೆ ಎಂದು ಅರ್ಥ.

ಗಾಜಿನ ಲೇಪನವನ್ನೂ ಕೇಳಿ. ಲೇಪನವಿಲ್ಲದ ಗಾಜಿನ ಒಂದೊಂದು ಮೈಯೂ ಸುಮಾರು ಶೇ. 4ರಷ್ಟು ಬೆಳಕನ್ನು ಹಿಂದಕ್ಕೆ ಚೆಲ್ಲುತ್ತದೆ. ಒಳಗೆ ಅಂಥ ಹತ್ತಾರು ಮೈಗಳಿರುತ್ತವೆ. ‘ಫುಲ್ಲಿ ಮಲ್ಟಿಕೋಟೆಡ್’ ಎಂದಿರುವುದನ್ನೇ ಆರಿಸಿ. ಒಳ್ಳೆಯ ಲೇಪನದ 42, ಕಳಪೆ 50ನ್ನು ಸಂಜೆ ಹೊತ್ತು ಸೋಲಿಸಬಲ್ಲದು.

ಕೆರೆ ಏರಿಯಲ್ಲಿ ಒಂದು ಸಂಜೆ

ಸಾಧ್ಯವಾದರೆ ಗೆಳೆಯರಿಂದ ಎರಡು ಮೂರು ಅಳತೆಯವನ್ನು ಎರವಲು ತಂದು ಒಟ್ಟಿಗೆ ನೋಡಿ. ಸೂರ್ಯ ಮುಳುಗುವ ಮೊದಲೇ ನಲವತ್ತು ಹೆಜ್ಜೆ ದೂರದ ಮರಕ್ಕೆ ದಪ್ಪ ಅಕ್ಷರದ ಪತ್ರಿಕೆಯ ಹಾಳೆ ಸಿಕ್ಕಿಸಿ. ಪಕ್ಕದ ಪೊದೆಯ ನೆರಳಲ್ಲಿ ಕಂದು ಬಣ್ಣದ ಟವೆಲ್ ಹಾಸಿ. ಎರಡೂ ಬೇಕು. ಅಕ್ಷರ ಓದಲು ಹೆಚ್ಚು ಹಿಗ್ಗಿಸುವ 10× ಗೆಲ್ಲುತ್ತದೆ, ನೆರಳಲ್ಲಿ ಅಡಗಿದ್ದನ್ನು ಪತ್ತೆ ಮಾಡಲು ದೊಡ್ಡ ಬಿಲ್ಲೆಯದೇ ಕೈ ಮೇಲಾಗುತ್ತದೆ. ಹಕ್ಕಿ ನೋಡುವವರಿಗೆ ಟವೆಲ್ಲೇ ಮುಖ್ಯ.

ಮೊಣಕೈಯನ್ನು ಕಟ್ಟೆಗೋ ಮೊಣಕಾಲಿಗೋ ಊರಿ. ಕೈ ನಡುಕವೂ ಹತ್ತು ಪಟ್ಟು ಹಿಗ್ಗಿ ಕಾಣುತ್ತದೆ. ಐದೈದು ನಿಮಿಷಕ್ಕೊಮ್ಮೆ ಒಂದೊಂದರಲ್ಲೂ ನೋಡಿ, ಯಾವುದರಲ್ಲಿ ಯಾವಾಗ ಟವೆಲ್ ಮರೆಯಾಯಿತು ಎಂದು ಬರೆದಿಡಿ. ನಡುವೆ ಮೊಬೈಲ್ ಪರದೆ ನೋಡಬೇಡಿ. ಕಣ್ಣು ಕತ್ತಲೆಗೆ ಚೆನ್ನಾಗಿ ಹೊಂದಲು ಇಪ್ಪತ್ತು ಮೂವತ್ತು ನಿಮಿಷ ಬೇಕು, ಒಂದು ನೋಟಿಫಿಕೇಶನ್ ಅಷ್ಟನ್ನೂ ಕೆಡಿಸುತ್ತದೆ. ಗಡಿಯಾರಕ್ಕೆ ಕೆಂಪು ಕಾಗದ ಕಟ್ಟಿದ ಮಂದ ಟಾರ್ಚ್ ಸಾಕು.

ನಾನು ಮತ್ತು ಅಣ್ಣನ ಮಗಳು ಹೀಗೆ ನೋಡಿದೆವು. ನನಗೆ ಐವತ್ತೆಂಟು, ಅವಳಿಗೆ ಇಪ್ಪತ್ತೊಂದು. 8×42 ಮತ್ತು 7×50 ನನಗೆ ಕಡೆಯವರೆಗೂ ಒಂದೇ ಹೊಳಪಿನಲ್ಲಿ ಕಂಡವು. ಅವಳು 7×50 ಹಿಡಿದವಳೇ, “ಚಿಕ್ಕಪ್ಪ, ಪೊದೆ ಒಳಗಡೇನೂ ಕಾಣ್ತಿದೆ” ಎಂದಳು. ನಾನು ಪಡೆದು ನೋಡಿದರೆ ಪೊದೆ ಇಡಿಯಾಗಿ ಕತ್ತಲು.

ಹಾಗಾಗಿ ನಡುವಯಸ್ಸು ದಾಟಿದವರು ಒಂದೇ ಕೊಳ್ಳುವುದಾದರೆ 8×42 ಕೊಳ್ಳಿ. ಮುಕ್ಕಾಲು ಕಿಲೋ ಒಳಗೇ ಸಿಗುತ್ತದೆ, ದಿನವಿಡೀ ಕೊರಳಲ್ಲಿರಬಹುದು. ಹರೆಯದವರು, ಒಂದು ಕಿಲೋ ಆಸುಪಾಸಿನ ತೂಕ ಹೊರಲು ಒಪ್ಪುವವರು 7×50 ನೋಡಬಹುದು. ಕೃತ್ತಿಕೆ ನಕ್ಷತ್ರಪುಂಜದ ಆಸೆಯೂ ಇದ್ದರೆ 10×50 ಚೆಂದ, ಆದರೆ ಟ್ರೈಪಾಡ್ ಜತೆಗಿರಲಿ. ಕನ್ನಡಕ ಹಾಕುವವರು ಐ ರಿಲೀಫ್ (ಪೂರ್ತಿ ನೋಟ ಸಿಗುವಂತೆ ಕಣ್ಣನ್ನು ಗಾಜಿನಿಂದ ಎಷ್ಟು ದೂರ ಇಡಬಹುದು ಎಂಬ ಅಳತೆ) 16 ಮಿ.ಮೀ.ಗೆ ಕಡಿಮೆ ಇಲ್ಲದ್ದನ್ನು ಕೇಳಿ ಪಡೆಯಿರಿ.

ಮಲೆನಾಡು, ಕರಾವಳಿಯವರಿಗೆ ಇನ್ನೊಂದು ಮಾತು. ಮಳೆಗಾಲದಲ್ಲಿ ಗಾಜಿಗೆ ಬೂಷ್ಟು ಹಿಡಿದರೆ ಬೆಳಕು ಚದುರಿ ಸಂಜೆಯ ನೋಟವೇ ಮೊದಲು ಹಾಳಾಗುತ್ತದೆ. ನೈಟ್ರೋಜನ್ ತುಂಬಿದ, ನೀರು ನುಗ್ಗದ ಮಾದರಿಯನ್ನೇ ಕೊಂಡು, ಚರ್ಮದ ಚೀಲದ ಬದಲು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜತೆ ಇಡಿ.