ಹಾಳೆಯೊಳಗಿನ ಹಾಳೆಯನ್ನೂ ನೋಡಿ

ಹಳೆಯ ಕರಾರುಪತ್ರ, ತಿದ್ದಿದ ಕರಾರುಪತ್ರ ಎರಡನ್ನೂ ವರ್ಡ್‌ನಲ್ಲಿ ‘ಕಂಪೇರ್’ ಮಾಡಿದೆ, ಎಲ್ಲ ತಿದ್ದುಪಡಿಯೂ ಸಿಕ್ಕಿತು ಎಂದು ನಿಶ್ಚಿಂತರಾಗಬೇಡಿ. ಅದು ಅಕ್ಷರಗಳನ್ನು ಚೆನ್ನಾಗಿ ಹೋಲಿಸುತ್ತದೆ. ಆದರೆ ನಡುವೆ ಹುದುಗಿಸಿದ ಎಕ್ಸೆಲ್ ಹಾಳೆಯಲ್ಲಿ 4,50,000 ಇದ್ದದ್ದು 5,40,000 ಆಗಿದ್ದರೆ, ಆ ಅಂಕಿಯನ್ನು ಎತ್ತಿ ತೋರಿಸುವುದಿಲ್ಲ. ಪುಟದ ಮೇಲೆ ಕಾಣುವುದು ಹಾಳೆಯ ಚಿತ್ರವಷ್ಟೇ.

ಆ ಹಾಳೆಯನ್ನೇ ತೆರೆದು ನೋಡಲು ದಾರಿಯಿದೆ: ವರ್ಡ್‌ನ ಡಾಕ್ಎಕ್ಸ್ ಫೈಲ್ ಅಸಲಿಗೆ ಒಂದು ಜಿಪ್ ಗಂಟು. ಎರಡೂ ಕರಾರುಪತ್ರಗಳ ನಕಲು ಮಾಡಿಕೊಂಡು, ಹೆಸರಿನ ಕೊನೆಯ ‘ಡಾಕ್ಎಕ್ಸ್’ ಅನ್ನು ‘ಜಿಪ್’ ಎಂದು ಬದಲಿಸಿ, ಬಿಚ್ಚಿ. ‘ವರ್ಡ್’ ಫೋಲ್ಡರಿನ ಒಳಗೆ ‘ಎಂಬೆಡಿಂಗ್ಸ್’ ಎಂದಿರುತ್ತದೆ. ಎಕ್ಸೆಲ್ ಹಾಳೆಗಳು ಅಲ್ಲಿವೆ. ಸಹಿ ಹಾಕುವ ಕಾಗದವಾದರಂತೂ ಅವನ್ನು ಅಕ್ಕಪಕ್ಕ ತೆರೆದು, ಸೂತ್ರಗಳ ಸಮೇತ ನೋಡಲೇಬೇಕು. ಎರಡು ಪ್ರತಿಗಳಲ್ಲಿ ಹಾಳೆಗಳ ಕ್ರಮಸಂಖ್ಯೆ ಅದಲುಬದಲಾಗಿರಬಹುದು. ಹಾಗಾಗಿ ಹೆಸರು ನಂಬದೆ, ಒಳಗಿನ ತಲೆಬರಹ ಓದಿಯೇ ಜೋಡಿ ಮಾಡಿಕೊಳ್ಳಿ.