ಕೊರ್ಬಾನ್ ಎಂಬ ನೆಪ

ಮಾರ್ಕನ ಸುವಾರ್ತೆ 7ನೇ ಅಧ್ಯಾಯ, 9ರಿಂದ 13ನೇ ವಚನ ತೆಗೆಯಿರಿ. ಫೋನಲ್ಲಿ ತೆಗೆಯೋರು ಹಾಗೇ ವಾಟ್ಸಾಪ್ ಕಡೆ ಹೋಗಬೇಡಿ.

ಇಲ್ಲಿ ಕರ್ತನು ಯಾರನ್ನು ಗದರಿಸ್ತಿದ್ದಾನೆ? ಕುಡುಕರನ್ನಲ್ಲ, ಸುಂಕದವರನ್ನಲ್ಲ. ಪ್ರಾರ್ಥನೆ ತಪ್ಪಿಸದ ಫರಿಸಾಯರನ್ನು, ಶಾಸ್ತ್ರಿಗಳನ್ನು. ಹೆತ್ತವರಿಗೆ ಸಲ್ಲಬೇಕಾದ ಸಹಾಯವನ್ನು ತೋರಿಸಿ ಮಗ ‘ಇದು ಕೊರ್ಬಾನ್’ ಅಂದುಬಿಟ್ಟರೆ ಸಾಕಿತ್ತು. ಕೊರ್ಬಾನ್ ಅಂದ್ರೆ ದೇವರಿಗೆ ಅರ್ಪಿಸಿದ್ದು. ಆಮೇಲೆ ಅಪ್ಪ ಅಮ್ಮ ಅದನ್ನು ಕೇಳೋ ಹಾಗಿಲ್ಲ. ಮಗನೇ ಕೊಡ್ತೀನಿ ಅಂದರೂ ಇವರು ಬಿಡ್ತಿರಲಿಲ್ಲ.

ಈ ಭಾಗವನ್ನು ನಾನು ಎಷ್ಟೋ ಸಲ ಬೋಧಿಸಿದ್ದೇನೆ, ಫರಿಸಾಯರನ್ನು ಚೆನ್ನಾಗಿ ಬೈದಿದ್ದೇನೆ. 2022ರ ನವೆಂಬರ್ ತನಕ.

ನಮ್ಮಪ್ಪ ಪೋಸ್ಟ್‌ಮ್ಯಾನ್ ಆಗಿ ರಿಟೈರ್ ಆದವರು. ಆಗ ಚಾಮರಾಜಪೇಟೆಯಲ್ಲಿ ಒಂದು ಹಳೇ ಮನೆಯ ಮಹಡಿ ಮೇಲೆ ಒಬ್ಬರೇ ಇದ್ದರು. ಪಿಂಚಣಿ ತಗೊಳ್ಳೋರು ವರ್ಷಕ್ಕೊಮ್ಮೆ ನವೆಂಬರಿನಲ್ಲಿ, ತಾವಿನ್ನೂ ಬದುಕಿದ್ದೇವೆ ಅಂತ ಜೀವನ ಪ್ರಮಾಣಪತ್ರ ಕೊಡಬೇಕು. ಕೊಡದಿದ್ರೆ ಪಿಂಚಣಿ ನಿಲ್ಲುತ್ತೆ. ಅಪ್ಪ ಫೋನ್ ಮಾಡಿದರು. “ಮಗಾ, ಎರಡು ಸಲ ಹೋಗಿಬಂದೆ, ಮಿಷನ್ನು ನನ್ನ ಬೆರಳು ತಗೊಳ್ತಾ ಇಲ್ಲ. ನೀನೊಂದ್ಸಲ ಜೊತೆಗೆ ಬರ್ತೀಯಾ?”

“ಯೂತ್ ಕ್ಯಾಂಪ್ ಇದೆ ಅಪ್ಪಾ, ಮುಗಿಸ್ಕೊಂಡು ಬರ್ತೀನಿ.”

“ಆಗಲಿ ಬಿಡಪ್ಪ, ದೇವರ ಕೆಲಸ.”

ಕ್ಯಾಂಪ್ ಆದ್ಮೇಲೆ ಉಪವಾಸ ಕೂಟ. ಅದಾದ್ಮೇಲೆ ಕ್ರಿಸ್‌ಮಸ್ ಕ್ಯಾರಲ್ಸ್. ಡಿಸೆಂಬರ್ ಪಿಂಚಣಿ ಬರಲಿಲ್ಲ, ಅಪ್ಪ ನನಗೆ ಹೇಳಲೂ ಇಲ್ಲ. ಜನವರಿಯಲ್ಲಿ ಅವರನ್ನು ನೋಡೋಕೆ ಹೋದಾಗ ಕೆಳಗಿನ ದಿನಸಿ ಅಂಗಡಿಯವರು ಕರೆದು, “ತಪ್ಪು ತಿಳ್ಕೋಬೇಡಿ ಸಾರ್, ನಿಮ್ಮ ತಂದೆಯವರ ಲೆಕ್ಕ ಸ್ವಲ್ಪ ನಿಂತಿದೆ” ಅಂದರು. ಪುಸ್ತಕ ತೋರಿಸಿದರು. ಅಕ್ಕಿ, ತೊಗರಿಬೇಳೆ, ದಿನಕ್ಕೆ ಅರ್ಧ ಲೀಟರ್ ಹಾಲು. ಕೊನೆಯ ಹತ್ತು ದಿನ ಹಾಲೂ ಇಲ್ಲ. ಮಹಡಿ ಹತ್ತಿ ಹೋಗಿ, ಯಾಕಪ್ಪ ಹೇಳಲಿಲ್ಲ ಅಂತ ರೇಗಿದೆ. ರೇಗಿದ್ದು ನಾನು, ನೋಡಿ! ಅವರು ಅಂದದ್ದು ಇಷ್ಟೇ: “ನಿನಗೆ ಸೇವೆ ಇತ್ತಲ್ಲಪ್ಪ.”

ಚುಚ್ಚುಮಾತಲ್ಲ ಅದು. ಮನಸಾರೆ ನಂಬಿ ಹೇಳಿದರು. ನನ್ನ ಕೊರ್ಬಾನ್ ಯಾವುದು ಅಂತ ನನಗೆ ಗೊತ್ತಾಗಿದ್ದು ಆವತ್ತು.

ಇನ್ನೂ ಒಂದು ವಿಷಯ ಕೇಳಿ. ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಮೂಲಕ ಪೋಸ್ಟ್‌ಮ್ಯಾನೇ ಮನೆಗೆ ಬಂದು ಈ ಪ್ರಮಾಣಪತ್ರ ಮಾಡಿಕೊಡುವ ಸೌಲಭ್ಯ 2020ರಲ್ಲೇ ಶುರುವಾಗಿತ್ತು. ಶುಲ್ಕ 70 ರೂಪಾಯಿ. ಬೆರಳು ತಗೊಳ್ಳದಿದ್ರೆ ಮುಖ ತೋರಿಸಿ ಫೋನಿನಲ್ಲೇ ಮಾಡುವ ವ್ಯವಸ್ಥೆ 2021ರಲ್ಲಿ ಬಂದಿತ್ತು. ಆಯುಷ್ಯವೆಲ್ಲ ಬೇರೆಯವರ ಬಾಗಿಲಿಗೆ ಹೋದ ಮನುಷ್ಯನ ಬಾಗಿಲಿಗೆ ಒಬ್ಬ ಪೋಸ್ಟ್‌ಮ್ಯಾನ್‌ನನ್ನು ಕರೆಸೋದು ನನಗೆ ತಿಳಿದಿರಲಿಲ್ಲ. ಕ್ಯಾಂಪಿಗೆ ಬಸ್ ಬುಕ್ ಮಾಡೋದು ಮಾತ್ರ ತಿಳಿದಿತ್ತು. ನಿಂತ ಹಣ ಆಮೇಲೆ ಬಾಕಿ ಸಮೇತ ಬಂತು. ಅಪ್ಪ ಈಗ ನಮ್ಮ ಜೊತೆಗೇ ಇದ್ದಾರೆ. ಮೂರನೇ ಸಾಲಲ್ಲಿ ಕೂತು, ಸಾಕು ಮುಂದಕ್ಕೆ ಹೋಗು ಅಂತ ಕಣ್ಣಲ್ಲೇ ಹೇಳ್ತಿದ್ದಾರೆ.

ಕೆಲವು ತಮ್ಮಂದಿರು, ತಂಗಿಯರು ಕೇಳ್ತೀರಿ: ಪಾಸ್ಟರ್, ನಮ್ಮ ಮನೇಲಿ ಇನ್ನೂ ನಂಬಿಕೆಗೆ ಬಂದಿಲ್ಲವಲ್ಲ? ತಂದೆತಾಯಿಯನ್ನು ಸನ್ಮಾನಿಸು ಅನ್ನೋ ಆಜ್ಞೆಯಲ್ಲಿ ಆ ಷರತ್ತು ನನಗಂತೂ ಕಂಡಿಲ್ಲ. ಒಂದನೇ ತಿಮೊಥೆಯ 5:4ರಲ್ಲಿ ಪೌಲನು ಮೊಮ್ಮಕ್ಕಳನ್ನೂ ಸೇರಿಸ್ತಾನೆ. ನಮ್ಮ ದೇಶದ 2007ರ ಹಿರಿಯ ನಾಗರಿಕರ ಪೋಷಣಾ ಕಾಯ್ದೆಯೂ ವಯಸ್ಕ ಮೊಮ್ಮಕ್ಕಳನ್ನು ಸೇರಿಸುತ್ತೆ. ತಾತನ ವಿಷಯ ಅಪ್ಪ ನೋಡ್ಕೊಳ್ತಾರೆ ಅಂತ ನೀವು ಕೈತೊಳ್ಕೊಳ್ಳೋ ಹಾಗಿಲ್ಲ.

ಕಾಯ್ದೆ ಯಾಕೆ ಎತ್ತಿದೆ ಅಂದ್ರೆ, ಮಲ್ಲೇಶ್ವರದ ಒಬ್ಬ ಸಹೋದರ ನನ್ನ ಹತ್ತಿರ ಬಂದ. ಅವನ ಒಪ್ಪಿಗೆ ತಗೊಂಡೇ ಹೇಳ್ತಿದ್ದೇನೆ, ಯಾರು ಅಂತ ಊಹಿಸಬೇಡಿ. ಹಳೇ ಮನೆ, ಬಿಲ್ಡರ್ ಕಾಯ್ತಿದ್ದಾನೆ. ಮನೆ ಅಮ್ಮನ ಹೆಸರಲ್ಲಿದೆ, ಮಗನಿಗೆ ದಾನಪತ್ರ ಮಾಡಿಕೊಡಬೇಕು. “ಅಮ್ಮನ ಮನಸ್ಸು ಕರಗಲಿ ಅಂತ ಪ್ರಾರ್ಥನೆ ಮಾಡಿ ಪಾಸ್ಟರ್” ಅಂದ. ಮನೆ ಒಡೆದು ಕಟ್ಟೋವರೆಗೆ ಅಮ್ಮ ಎಲ್ಲಿರ್ತಾರೆ ಅಂದೆ. ಕನಕಪುರ ರಸ್ತೆ ಕಡೆ ಬಾಡಿಗೆ ಮನೆಯಂತೆ. ನಲವತ್ತು ವರ್ಷದಿಂದ ಎಂಟನೇ ಕ್ರಾಸಿಗೆ ನಡೆದು ಹೋಗಿ ತರಕಾರಿ ತರೋ ಹೆಂಗಸು ಅವರು. ಅಲ್ಲಿ ಯಾರ ಹತ್ರ ಮಾತಾಡ್ತಾರೆ? ಕಟ್ಟಿದ ಮೇಲೆ ಅವರಿಗೆ ಯಾವ ರೂಮು? ಅವನು ಅದನ್ನು ಯೋಚಿಸಿರಲಿಲ್ಲ. ಆ ಪ್ರಾರ್ಥನೆ ನಾನು ಮಾಡಲಿಲ್ಲ.

ಕಾಯ್ದೆಯ ಸೆಕ್ಷನ್ 23 ಏನು ಹೇಳುತ್ತೆ? ನೋಡಿಕೊಳ್ಳಬೇಕು ಅನ್ನೋ ಷರತ್ತಿನ ಮೇಲೆ ಹಿರಿಯರು ಆಸ್ತಿ ಕೊಟ್ಟು, ಮಗ ನೋಡಿಕೊಳ್ಳದಿದ್ರೆ, ಅದು ಮೋಸದಿಂದ ಪಡೆದ ಹಾಗೆ. ಪತ್ರ ರದ್ದು ಮಾಡಿ ಅಂತ ಅವರು ನ್ಯಾಯಮಂಡಳಿಯನ್ನು ಕೇಳಬಹುದು. ನಮ್ಮಲ್ಲಿ ಅದು ಉಪವಿಭಾಗಾಧಿಕಾರಿಯ ಮುಂದೆ ನಡೆಯುತ್ತೆ. ಆ ಷರತ್ತು ಇರಲೇಬೇಕು ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. 2025ರ ಜನವರಿಯಲ್ಲಿ ಇನ್ನೊಂದು ತೀರ್ಪು, ಕಾಯ್ದೆಯನ್ನು ಹಿರಿಯರಿಗೆ ಅನುಕೂಲವಾಗುವಂತೆ ಓದಬೇಕು ಅಂದಿತು. ಕೋರ್ಟಿನ ಜಗ್ಗಾಟ ಬೇಡ, ಪತ್ರದಲ್ಲೇ ಬರೆಸು ಅಂದೆ.

“ಸ್ವಂತ ಅಮ್ಮನ ಹತ್ರ ಕಂಡೀಷನ್ನಾ ಪಾಸ್ಟರ್?”

“ನೀನು ನೋಡಿಕೊಳ್ಳೋದು ನಿಜ ಅಂದ್ಮೇಲೆ ಆ ಒಂದು ಸಾಲಿಂದ ನಿನಗೇನು ನಷ್ಟ?”

ಅವನು ಎರಡು ವಾರ ಸಭೆಗೆ ಬರಲಿಲ್ಲ. ಮೂರನೇ ವಾರ ಅಮ್ಮನನ್ನೂ ಕರ್ಕೊಂಡು ಬಂದ. ಪತ್ರ ಇನ್ನೂ ಆಗಿಲ್ಲ, ಮಾತುಕತೆ ನಡೀತಿದೆ.

ಮನೆಯಲ್ಲಿ ಬೈಗುಳ, ಹೊಡೆತ, ಹಣ ಕಿತ್ಕೊಳ್ಳೋದು ನಡೀತಿದ್ರೆ ಮುಚ್ಚಿಡಬೇಡಿ. ಬೆಂಗಳೂರಿನಲ್ಲಿ 1090 ಹಿರಿಯರ ಸಹಾಯವಾಣಿ ಇದೆ, ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಮತ್ತು ನಗರ ಪೊಲೀಸರು 2002ರಲ್ಲಿ ಶುರುಮಾಡಿದ್ದು. ದೇಶಕ್ಕೆಲ್ಲ 14567. ಪ್ರಾರ್ಥಿಸಿ, ಫೋನೂ ಮಾಡಿ.

ಕೊನೆಗೆ ಒಂದು ಪ್ರಕಟಣೆ. ನವೆಂಬರಿನ ಮೊದಲನೇ ಶನಿವಾರ ಯೂತ್ ಮೀಟಿಂಗ್ ಇಲ್ಲ, ವರ್ಶಿಪ್ ಪ್ರಾಕ್ಟೀಸೂ ಇಲ್ಲ. ಎರಡನೇ ಶನಿವಾರ ಅಂದ್ಕೊಂಡಿದ್ವಿ, ಆವತ್ತು ಬ್ಯಾಂಕ್ ರಜೆ. ಊರಲ್ಲಿ ಹೆತ್ತವರಿರೋರು ಶುಕ್ರವಾರ ರಾತ್ರಿಯೇ ಬಸ್ ಹತ್ತಿ. ಯಾರೂ ಇಲ್ಲದವರು ನನ್ನ ಹತ್ರ ಬನ್ನಿ, ಸಭೆಯಲ್ಲಿ ಒಂಟಿಯಾಗಿರೋ ಅಜ್ಜಿ ತಾತಂದಿರ ಮನೆಗೆ ಕಳಿಸ್ತೀನಿ. ಆಧಾರ್ ಕಾರ್ಡು, ಪಿಪಿಓ ನಂಬರು, ಪಾಸ್‌ಬುಕ್ಕು ತೆಗೆದಿಟ್ಟುಕೊಳ್ಳೋಕೆ ಮೊದಲೇ ಹೇಳಿ. ಕೆಲಸ ಮುಗೀತು ಅಂತ ಓಡಿಬರಬೇಡಿ, ಅಲ್ಲೇ ಊಟ ಮಾಡ್ಕೊಂಡು ಬನ್ನಿ.

ಈಗ ಪ್ರಾರ್ಥಿಸೋಣ. ಎಲ್ಲರೂ ಎದ್ದು ನಿಲ್ಲಿ. ಮೊಣಕಾಲು ನೋವಿರೋರು ಕೂತೇ ಇರಿ. ಅಪ್ಪಾ, ನೀವೂ.